ಶಾಂತಪ್ಪ ಕಚ್ಚಿದ್ದು

ಹೊಳೆದಂಡೆಗೆ ಒಂದು ಮಠ. ಮಠದಲ್ಲಿ ಕಲ್ಲಯ್ಯಜ್ಜ ಎಂಬ ಗುರು, ಅಡಿವೆಪ್ಪ ಎಂಬ ಶಿಷ್ಯ, ಶಾಂತಪ್ಪ ಎಂಬ ನಾಯಿ.

ಮೂವರಲ್ಲಿ ಸಿಟ್ಟು ಬರುತ್ತಿದ್ದದ್ದು ಅಡಿವೆಪ್ಪನೊಬ್ಬನಿಗೇ. ಅದೇನು ಸಾಮಾನ್ಯ ಸಿಟ್ಟಲ್ಲ. ಅವನು ಅಂಗಳದಲ್ಲಿ ಕಾಲು ಅಪ್ಪಳಿಸಿದರೆ ಅಡುಗೆಮನೆಯಲ್ಲಿ ಒಲೆ ಹಚ್ಚದೆಯೇ ಬೇಳೆ ಬೇಯುತ್ತಿತ್ತು. ಆಚೆ ದಂಡೆಯ ಕೊಕ್ಕರೆಗಳು ಸಂಸಾರ ಸಮೇತ ಊರು ಬಿಡುತ್ತಿದ್ದವು.

ಅಂದು ಬಂದ ಸಿಟ್ಟು ಅದಕ್ಕೂ ಒಂದು ಗೇಣು ಮೇಲು. ಬೆಳಿಗ್ಗೆ ಶಾಂತಪ್ಪ ಅವನ ಮುಂಗೈ ಕಚ್ಚಿತ್ತು.

ಅಂಗೈಯಲ್ಲಿ ಹಿಡಿಯುವಷ್ಟು ಮರಿಯಿದ್ದಾಗ ಸಂತೆಯಿಂದ ಎತ್ತಿಕೊಂಡು ಬಂದವನು ಅವನೇ. ಹಾಲಲ್ಲಿ ರೊಟ್ಟಿ ನೆನೆಸಿ ತಿನ್ನಿಸಿದವನೂ ಅವನೇ. ತನ್ನ ನಾಯಿ ಭಜನೆಯಲ್ಲಿ ಕಣ್ಣು ಮುಚ್ಚಿ ಕೂರುತ್ತದೆ, ಸೋಮವಾರ ಉಪವಾಸ ಮಾಡುತ್ತದೆ ಎಂದು ಏಳು ಊರಿಗೆ ಸಾರಿದ್ದ. ಈಚೆಗೆ ಶಾಂತಪ್ಪ ಬೇರೆ ದಿನವೂ ರೊಟ್ಟಿ ಮುಟ್ಟುತ್ತಿರಲಿಲ್ಲ. ಅಡಿವೆಪ್ಪ ಅದನ್ನೂ ವ್ರತಕ್ಕೇ ಸೇರಿಸಿದ್ದ.

ಅಂಥ ನಾಯಿ, ಹಣೆಗೆ ವಿಭೂತಿ ಹಚ್ಚಿ ಕೊರಳು ಸವರಲು ಹೋದರೆ, ಕಚ್ಚಿತು.

ಅಜ್ಜ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆಸಿ, ಸೂಜಿ ಹಾಕಿಸಿಕೊಳ್ಳಲು ಆಚೆ ದಂಡೆಯ ದವಾಖಾನೆಗೆ ಕಳಿಸಿದ್ದರು. ಮಧ್ಯಾಹ್ನ ಅಡಿವೆಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಮರಳಿದ. ಬರುವಾಗ ಹರಗೋಲಿನಲ್ಲಿ ಹೊಳೆ ದಾಟಿಸುವ ಹುಲಿಗೆಪ್ಪನನ್ನೂ ಕರೆತಂದ. ಹುಲಿಗೆಪ್ಪನ ಹೆಗಲ ಮೇಲೊಂದು ಗೋಣಿಚೀಲ.

"ಅಜ್ಜಾರ, ಇವತ್ತ ಈ ನಾಯಿ ಹೊಳಿ ದಾಟಬೇಕ್ರಿ. ಇಲ್ಲಂದ್ರ ನಾ ದಾಟ್ತೀನಿ."

ಅಜ್ಜ ದೀಪದ ಬತ್ತಿ ಹೊಸೆಯುತ್ತಿದ್ದರು. "ಅಷ್ಟು ಸಿಟ್ಟು ಯಾಕೋ?"

"ಕಚ್ಚಿದ್ದಕ್ಕಲ್ರಿ. ಗುರ್ ಅಂತ ಒಂದ ಮಾತು ಅನ್ಲಿಲ್ಲ. ಕಳ್ಳರಂಗ ಕಚ್ಚಿತು."

"ಮೊದಲ ಗುರ್ ಅಂತಿತ್ತೇನು?"

ಅನ್ನುತ್ತಿತ್ತು ಎಂದ ಅಡಿವೆಪ್ಪ. ಹೋದ ತಿಂಗಳು ಕೊರಳು ಮುಟ್ಟಿದಾಗಲೆಲ್ಲ ಅನ್ನುತ್ತಿತ್ತು. ಮಠದಲ್ಲಿದ್ದುಕೊಂಡು ಗುರ್ ಅನ್ನುವುದೆಂದರೇನು? ಅಂದಾಗೊಮ್ಮೆ ಮೂತಿಗೆ ಸೌಟಿನಿಂದ ಒಂದು ಕೊಟ್ಟು, ಮೂರೇ ದಿನದಲ್ಲಿ ಆ ಚಟ ಬಿಡಿಸಿದ್ದ. ಹೇಳುವಾಗ ಅವನ ಎದೆ ಒಂದಿಷ್ಟು ಮುಂದೆ ಬಂತು.

"ಚಲೋ ಕಲಿಸೀದಿ," ಅಂದರು ಅಜ್ಜ.

ಅದು ಹೊಗಳಿಕೆಯೋ ಅಲ್ಲವೋ ತಿಳಿಯದೆ ಅಡಿವೆಪ್ಪನ ಸಿಟ್ಟು ಇನ್ನೂ ಏರಿತು. "ಹಂಗಾದ್ರ ಕಳಸ್ಲೇನ್ರಿ?"

"ಕಳಸು. ದಾರ ಬಿಚ್ಚಿ ಕಳಸು."

ಅದು ಆ ಮಠದ ಕಟ್ಟಳೆ. ಅಲ್ಲಿಯ ಅನ್ನ ಉಣ್ಣುವವರ ಕೊರಳಿಗೆ ಒಂದು ರುದ್ರಾಕ್ಷಿಯ ದಾರ ಕಟ್ಟುತ್ತಾರೆ. ಬಿಟ್ಟು ಹೋಗುವ ದಿನ, ಕಟ್ಟಿದವರೇ ಬಿಚ್ಚಿ ಹೊಳೆಗೆ ಹಾಕಬೇಕು. ಶಾಂತಪ್ಪ ಮರಿಯಿದ್ದಾಗ ಭಕ್ತರೆಲ್ಲ ನಗುತ್ತಿದ್ದರೂ ಅಡಿವೆಪ್ಪ ಅದಕ್ಕೂ ಒಂದು ಕಟ್ಟಿದ್ದ, ರೇಷ್ಮೆಯ ಗಟ್ಟಿ ದಾರ, ಮೂರು ಗಂಟು.

ಶಾಂತಪ್ಪ ಜಗುಲಿಯ ಮೂಲೆಗೆ ಒತ್ತಿಕೊಂಡಿತ್ತು. ಅಡಿವೆಪ್ಪ ಹೋದೊಡನೆ ಹಲ್ಲು ತೋರಿಸಿತು, ಸದ್ದಿಲ್ಲದೆ.

"ಉಂಡ ಮನೆಗೆ ಎರಡು ಬಗೆದವನ," ಎಂದು ಶುರು ಮಾಡಿದ ಅಡಿವೆಪ್ಪ. ಆಮೇಲೆ ಬಂದ ಬೈಗುಳಕ್ಕೆ ಹೊಳೆ ಎರಡು ಮಾರು ಹಿಂದೆ ಸರಿಯಿತು. ಬೈಗುಳವೇ ಕಸುಬಾಗಿದ್ದ ಹುಲಿಗೆಪ್ಪ ಕೂಡ ನಾಲ್ಕು ಹೊಸವು ಕಲಿತ.

ಅಜ್ಜ ಎದ್ದು ಬಂದರು. ನಾಯಿಯ ಕಡೆ ನೋಡದೆ, ಅದಕ್ಕೆ ಅಡ್ಡಲಾಗಿ ನೆಲದ ಮೇಲೆ ಕೂತರು. ಬಿಸಿಲು ಎರಡು ಹಾಸುಗಲ್ಲು ದಾಟುವವರೆಗೂ ಕೂತೇ ಇದ್ದರು. ಕೊನೆಗೆ ಶಾಂತಪ್ಪ ತಾನೇ ಬಂದು ಅವರ ತೊಡೆಗೆ ತಲೆಯಿಟ್ಟಿತು. ಅಜ್ಜ ಹೆಗಲ ವಸ್ತ್ರದಿಂದ ಅದರ ಮೂತಿಯನ್ನು ಮೆಲ್ಲಗೆ ಸುತ್ತಿ ಕಟ್ಟಿದರು.

"ಬಾ. ಬಿಚ್ಚು."

ಅಡಿವೆಪ್ಪ ದಟ್ಟ ಕೂದಲಲ್ಲಿ ಬೆರಳಾಡಿಸಿದ. "ದಾರ ಇಲ್ರಿ. ಎಲ್ಲೋ ಹರಕೊಂಡೈತಿ."

"ಹುಡುಕು."

ಬೆರಳಿಗೆ ಮಣಿ ಸಿಕ್ಕಿತು. ಅರ್ಧ ಮಣಿ. ಇನ್ನರ್ಧ ಮಾಂಸದೊಳಗಿತ್ತು.

ಕೂದಲು ಸರಿಸಿದ. ಕೊರಳು ಬೆಳೆದಿತ್ತು, ದಾರ ಬೆಳೆದಿರಲಿಲ್ಲ. ಅದು ತೊಗಲು ಕೊರೆದು ಒಳಗಿಳಿದು ಸುತ್ತಲೂ ಕೀವು ತುಂಬಿತ್ತು. ವಾಸನೆಗೆ ಹುಲಿಗೆಪ್ಪ ಮುಖ ತಿರುಗಿಸಿ ಗೋಣಿಚೀಲ ಕೆಳಗಿಟ್ಟ.

ಅಡಿವೆಪ್ಪನ ಕೈ ನಿಂತಿತು. ಸಿಟ್ಟು ನಿಲ್ಲಲಿಲ್ಲ. ಇಷ್ಟು ದೂರ ಓಡಿಬಂದ ಸಿಟ್ಟು, ಮಲಗಲು ಜಾಗ ಹುಡುಕುತ್ತಿತ್ತು.

"ನಿಮಗ ಗೊತ್ತಿತ್ತೇನ್ರಿ?" ಎಂದು ಗುರುವಿನ ಮೇಲೆ ಹರಿಹಾಯ್ದ.

"ಇಲ್ಲ. ದಿನಾ ನನ್ನ ಮುಂದನ ಕುಂಡ್ರತಿತ್ತು. ನಾನೂ ನೋಡ್ಲಿಲ್ಲ."

ಗುರುವಿನಲ್ಲಿ ಜಾಗ ಸಿಗಲಿಲ್ಲ. ನಾಯಿಯ ಕಡೆ ತಿರುಗಿದ. "ಇಷ್ಟು ನೋವು ಇದ್ರ, ಇದು ಹೇಳಬಾರದಿತ್ತೇನ್ರಿ?"

"ಹೇಳಿತ್ತಲ್ಲ. ನೀ ಸೌಟು ತಗೊಂಡಿ."

ಆಗ ಸಿಟ್ಟು ಅವನೊಳಗೇ ಮರಳಿತು. ಅಡಿವೆಪ್ಪ ಹಣೆ ಹಣೆ ಬಡಿದುಕೊಂಡ. ತಾನು ಪಾಪಿ ಎಂದ, ಮಠದ ನೆರಳಿಗೂ ತಕ್ಕವನಲ್ಲ ಎಂದ, ಹುಲಿಗೆಪ್ಪನ ಹರಗೋಲು ತಾನೇ ಹತ್ತುತ್ತೇನೆ, ಮುಂದಿನ ಏಳು ಜನ್ಮ ನಾಯಿಯಾಗಿ ಹುಟ್ಟುತ್ತೇನೆ ಎಂದ. ಎದ್ದು ಅಂಗಳದಲ್ಲಿ ಕಾಲು ಅಪ್ಪಳಿಸಿದ. ಹೊಳೆಯ ಕಡೆ ನಾಲ್ಕು ಹೆಜ್ಜೆ ಹೋದ, ತಿರುಗಿ ಬಂದ, ಮತ್ತೆ ಹಣೆ ಬಡಿದುಕೊಂಡ.

ಒಂದೊಂದು ಸದ್ದಿಗೂ ಶಾಂತಪ್ಪ ಅಜ್ಜನ ತೊಡೆಯ ಮೇಲೆ ನಡುಗುತ್ತಿತ್ತು.

ಅಜ್ಜ ದಾರ ಹೊಕ್ಕ ಜಾಗದಿಂದ ಕೂದಲನ್ನು ಬೆರಳಲ್ಲಿ ಸರಿಸಿ ಹಿಡಿದೇ ಇದ್ದರು.

"ನಿನ್ನ ಸಿಟ್ಟಿಗೆ ಪುರಸೊತ್ತು ಐತಿ, ಅಡಿವೆಪ್ಪ. ನಾಯಿಗಿಲ್ಲ. ಕತ್ತರಿ ತಾ."