ಕೊಪ್ಪರಿಗೆಯ ಕೆಳಗಿನ ಬೆಂಕಿ

ನಂಬೋದಿಲ್ಲ ಅಂತ ಈಗಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ನಿಮ್ಮ ತಲೆಯೊಳಗೆ ಈ ಗಳಿಗೆಯಲ್ಲಿ ಲಕ್ಷ ಕೋಟಿಗಟ್ಟಲೆ ಒಲೆಗಳು ಉರಿಯುತ್ತಿವೆ ಅಂದರೆ ಯಾರು ತಾನೇ ನಂಬುತ್ತಾರೆ? ಆದರೆ ಬೆಂಕಿಯ ವಿಷಯಕ್ಕೆ ನಾನು ಸುಳ್ಳು ಹೇಳುವವನಲ್ಲ. ಸುತ್ತಲಿನ ಏಳು ಆಲೆಮನೆಗಳಲ್ಲಿ ನನ್ನಂತೆ ಒಲೆ ಉರಿಸುವವನು ಇನ್ನೊಬ್ಬನಿಲ್ಲ. ಇದ್ದರೆ ಕಳಿಸಿ, ನೋಡೋಣ.

ನಮ್ಮ ಆಲೆಮನೆಯಲ್ಲಿ ಮೊಗಣ್ಣ ತಾತ ಬೆಲ್ಲದ ಪಾಕ ಹಿಡಿಯುವವರು. ನಾನು, ಬೋರಲಿಂಗ, ಕೆಳಗೆ ಕೂತು ಒಲೆಗೆ ರಚ್ಚು ಹಾಕುವವನು. ರಚ್ಚು ಅಂದರೆ ರಸ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ. ಮೇಲೆ ನಿಂತವನಿಗೆ ಮರ್ಯಾದೆ, ಕೆಳಗೆ ಕೂತವನಿಗೆ ಮಸಿ. ಪಾಕ ಕಲಕುವ ಉದ್ದನೆಯ ಮರದ ಹುಟ್ಟು ತಾತನ ಕೈಯಿಂದ ನನ್ನ ಕೈಗೆ ಬರಬೇಕು, ಅದೊಂದೇ ನನ್ನ ಆಸೆ.

ಆ ವರ್ಷ ತಾತನಿಗೆ ಮರೆವು ಹತ್ತಿತು. ರಸ ಕುದಿಯುವ ಕೊಪ್ಪರಿಗೆಗೆ, ಕೊಳೆ ಬಿಡಿಸಲು ಸುಣ್ಣದ ನೀರು ಹಾಕಿ ಹೋದವರು ಮತ್ತೆ ಬಂದು ಹಾಕುತ್ತಿದ್ದರು. ಎರಡು ಸಲ ಬೆಲ್ಲ ಕಪ್ಪಾಯಿತು. ಆಲೆಮನೆಯ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

"ಮುದುಕನ್ನ ಮನೆಗೆ ಕಳಿಸ್ತೀನಿ ಕಣ್ಲಾ. ನಾಳೆ ಪಾಕ ನೀನು ಹಿಡಿ. ನೆಟ್ಟಗೆ ಬಂದ್ರೆ ಹುಟ್ಟು ನಿಂದೇ."

ಕೊಪ್ಪರಿಗೆ ಬಿಟ್ಟರೆ ತಾತನಿಗೆ ಬೇರೆ ಲೋಕವೇ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾರನೆಯ ದಿನ ಒಲೆಗೆ ಒಂದು ಹೊರೆ ರಚ್ಚು ತುರುಕಿ ಮೇಲೆ ಹತ್ತಿದೆ. ಪಾಕ ಹಿಡಿಯಲು ಹೊರಟವನು ಬೂದಿ ಗೋರುತ್ತಾನೆಯೇ? ಅದಕ್ಕೂ ಮೊದಲೇ ನಾಲ್ಕು ದಿನದಿಂದ ಗೋರಿರಲಿಲ್ಲ, ಆ ಮಾತು ಬೇರೆ.

ಕೊಪ್ಪರಿಗೆ ಕುದಿಯಲಿಲ್ಲ. ಕುದಿಯುವಾಗ ಮೇಲೆ ಬರಬೇಕಾದ ಕೊಳೆ ಅರೆಬರೆ ತೇಲಿ ಮತ್ತೆ ರಸದಲ್ಲೇ ಮುಳುಗುತ್ತಿತ್ತು. ತೆಗೆದೆ, ತೆಗೆದೆ, ರಟ್ಟೆ ಬಿದ್ದುಹೋಯಿತು. ಕಬ್ಬು ಎಳಸು ಅಂದೆ. ಕೊಳೆ ಎತ್ತಲು ಹಾಕುವ ಬೆಂಡೆಗಿಡದ ಲೋಳೆ ಸಾಲದು ಅಂದೆ. ಕೊನೆಗೆ ಜಾಲರಿ ಸೌಟಿನ ತೂತು ದೊಡ್ಡದು ಅಂತಲೂ ಬೈದೆ.

ಅಷ್ಟರಲ್ಲಿ ತಾತ ಬಂದರು.

"ಯಾರಪ್ಪಾ ನೀನು?"

"ನಾನು ಬೋರಲಿಂಗ ಕಣ್ ತಾತ."

"ಯಾವ ಬೋರಲಿಂಗ?"

ಆಲೆಮನೆಯ ಆಳುಗಳೆಲ್ಲ ನಕ್ಕರು. ತಾತ ಕೊಪ್ಪರಿಗೆಯತ್ತ ನೋಡಲೂ ಇಲ್ಲ. ಕೆಳಗಿಳಿದು ಒಲೆಯ ಬಾಯಿಯೆದುರು ಕುಕ್ಕರುಗಾಲಲ್ಲಿ ಕೂತರು. ಉದ್ದ ಹಿಡಿಯ ಗೋರೆ ಒಳಗೆ ಬಿಟ್ಟು ಎಳೆದರು. ಮೂರು ಮಂಕರಿ ಬೂದಿ ಬಂತು. ನಾಲ್ಕೇ ಹಿಡಿ ರಚ್ಚು ಹಾಕಿದರು. ಬೆಂಕಿ ಗುಂಯ್ ಅಂದಿತು. ರಸ ಉಕ್ಕಿತು. ಕೊಳೆಯೆಲ್ಲ ಒಂದೇ ಚಾಪೆಯಂತೆ ಅಂಚಿಗೆ ಬಂದು ನಿಂತಿತು.

"ಮ್ಯಾಲೇನ್ಲಾ ನೋಡ್ತಿದ್ದೀಯ? ಬೆಂಕಿ ಉಸಿರು ಕಟ್ಟಿದ್ರೆ ಕೊಳೆ ತಾನೇ ಹೆಂಗ್ ಮ್ಯಾಲೆ ಬಂದಾತು?"

ಆ ದಿನದ ಬೆಲ್ಲ ಹೊಂಬಣ್ಣದ್ದು. ಆದರೆ ಒಂದು ಪ್ರಶ್ನೆ ನನ್ನ ತಲೆ ಕೊರೆಯತೊಡಗಿತು. ನನ್ನ ಹೆಸರು ಮರೆತವರಿಗೆ ಒಲೆಯ ಉಸಿರು ಹೇಗೆ ನೆನಪಿದೆ? ಮರುದಿನವೇ ತಾತನನ್ನು ಬೈಕಿನಲ್ಲಿ ಕೂರಿಸಿಕೊಂಡು ಪಟ್ಟಣದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಎಲ್ಲ ಪರೀಕ್ಷೆ ಮಾಡಿಸಿ, ಆಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆ ಅಂದರು.

"ಕೈಗೆ ಅಭ್ಯಾಸವಾದ ಕೆಲಸ ಎಷ್ಟೋ ಸಲ ಕೊನೆಗೆ ಹೋಗುತ್ತೆ, ಹೆಸರುಗಳು ಮೊದಲು" ಅಂದರು. "ಈ ಕಾಯಿಲೆಯಲ್ಲಿ ಮಿದುಳಿನೊಳಗೆ ಒಂದು ಥರ ಕೊಳೆ ಕಟ್ಟುತ್ತೆ. ಬಹಳ ವರ್ಷ ವಿಜ್ಞಾನಿಗಳು ಅದರ ಮೇಲೇ ಕಣ್ಣಿಟ್ಟಿದ್ದರು."

"ಕೆಳಗಿನ ಒಲೆ ನೋಡಲಿಲ್ವಾ?" ಅಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮಗೆ ಯಾರು ಹೇಳಿದ್ದು?"

"ನನಗೆ ಹೇಳೋದೇನು, ನಾನು ಒಲೆಯವನು."

ಆಗ ಅವರು ಹೇಳಿದ್ದು ಕೇಳಿ. ಮೈಯ ಹೆಚ್ಚುಕಡಿಮೆ ಎಲ್ಲ ಜೀವಕಣಗಳಲ್ಲೂ ಪುಟ್ಟ ಒಲೆಗಳಿವೆ, ಹೆಸರು ಮೈಟೋಕಾಂಡ್ರಿಯಾ. ಮಿದುಳಿನ ಒಂದೊಂದು ಕಣದಲ್ಲಿ ನೂರಾರು, ಸಾವಿರಾರು. ಮಿದುಳಿನ ತೂಕ ಮೈಯ ಐವತ್ತರಲ್ಲಿ ಒಂದು ಪಾಲು. ಅದಕ್ಕೆ ಬೇಕಾದ ಉರುವಲು ಐದರಲ್ಲಿ ಒಂದು ಪಾಲು. ಸವೆದ ಒಲೆಗಳನ್ನು ಕಣವೇ ಗೋರಿ ಕರಗಿಸುತ್ತದೆ. ಈ ಕಾಯಿಲೆಯಲ್ಲಿ ಆ ಗೋರುವ ಕೆಲಸ ನಿಧಾನವಾಗುತ್ತದೆ, ಒಲೆಗಳು ಮಂಕಾಗುತ್ತವೆ. ಕೊಳೆ ಮೊದಲೋ, ಒಲೆ ಮಂಕಾದದ್ದು ಮೊದಲೋ, ಅದಿನ್ನೂ ತೀರ್ಮಾನವಾಗಿಲ್ಲವಂತೆ.

"ಇನ್ನೊಂದು ವಿಷಯ" ಅಂದರು. "ಈ ಒಲೆಗಳ ವಂಶ ತಾಯಿಯಿಂದ ಮಾತ್ರ ಬರುತ್ತೆ. ತಂದೆಯಿಂದ ಅಲ್ಲ."

ಪಕ್ಕದಲ್ಲಿ ಕೂತಿದ್ದ ತಾತ ತಲೆಯೆತ್ತಿದರು. "ನಮ್ಮವ್ವ ಸತ್ತು ಬಾಳ ದಿನ ಆಯ್ತಲ್ಲವ್ವಾ."

"ಅವರು ಹಚ್ಚಿದ ಬೆಂಕಿ ಇನ್ನೂ ನಿಮ್ಮೊಳಗಿದೆ ತಾತ."

ನಾನು ನನ್ನ ಅಂಗೈ ನೋಡಿಕೊಂಡೆ. ಮಸಿ ಹಿಡಿದ ಅದೇ ಕೈ. ಅದರೊಳಗೆ ನಮ್ಮವ್ವನ ಬೆಂಕಿ, ಅವಳೊಳಗೆ ಅವಳ ಅವ್ವನದು, ಹಿಂದೆ ಹಿಂದೆ, ಒಮ್ಮೆಯೂ ಆರದೆ ಬಂದದ್ದು. ಏಳು ಆಲೆಮನೆಗೆ ನಾನೇ ಒಲೆಯವನು ಅಂದುಕೊಂಡಿದ್ದೆ. ನನ್ನೊಳಗೇ ಇಷ್ಟು ಉರಿಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

"ತಾತನ ತಲೆಯ ಬೂದಿ ಗೋರೋಕೆ ಆಗುತ್ತಾ?" ಅಂತ ಕೇಳಿದೆ.

"ಆ ಗೋರೆ ಇನ್ನೂ ನಮ್ಮ ಕೈಗೆ ಬಂದಿಲ್ಲಪ್ಪ. ದಿನಾ ನಡೆದಾಡಿಸಿ, ನಿದ್ದೆ ಕೆಡದಂತೆ ನೋಡಿಕೊಳ್ಳಿ, ಕೆಲಸ ಬಿಡಿಸಬೇಡಿ. ಹೋದದ್ದು ಬರುತ್ತೆ ಅಂತ ನಾನು ಹೇಳೋದಿಲ್ಲ."

ಬೆಲ್ಲ ನೆಟ್ಟಗೆ ಬಂದಿತ್ತಲ್ಲ, ವಾಪಸು ಬಂದಾಗ ಯಜಮಾನರು ಹುಟ್ಟು ಹಿಡಿದು ಕಾದಿದ್ದರು. ನಾನು ಬೇಡ ಅಂದೆ.

"ತಾತ ಮೇಲಿರಲಿ, ನಾನು ಕೆಳಗೆ. ಸುಣ್ಣ ಹಾಕಿದ ಮೇಲೆ ನಾನೇ ಕೂಗಿ ಹೇಳ್ತೀನಿ."

"ಮುದುಕ ಮರೆತ್ರೆ?"

"ನಾನು ಮರೆಯೋದಿಲ್ಲ."

ಅಂದಿನಿಂದ ನಾನು ಕೆಳಗಿನಿಂದ "ಸುಣ್ಣ ಆಯ್ತು ತಾತ" ಅನ್ನುತ್ತಿದ್ದೆ. ತಾತ ಮೇಲಿನಿಂದ "ಗೊತ್ತು ಕಣ್ಲಾ, ಸುಮ್ನಿರು" ಅನ್ನುತ್ತಿದ್ದರು. ಗೊತ್ತಿರುತ್ತಿರಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ಒಂದು ಕೊಪ್ಪರಿಗೆಯೂ ಕಪ್ಪಾಗಲಿಲ್ಲ.

ಸುಗ್ಗಿಯ ಕಡೆಯ ದಿನ ತಾತನ ಕೈ ಹುಟ್ಟಿನ ಮೇಲೆ ನಿಂತೇಹೋಯಿತು. ಮುಂದೇನು ಅಂತ ಅವರಿಗೆ ತೋಚಲಿಲ್ಲ. ನಾನು ಬೇಡ ಅಂದಿದ್ದ ಹುಟ್ಟು ಯಜಮಾನರ ಅಳಿಯನ ಪಾಲಾಯಿತು. ತಾತ ಮೆಲ್ಲಗೆ ಕೆಳಗಿಳಿದು ನನ್ನ ಹತ್ತಿರ ಬಂದರು. ಹೆಸರಿಗೆ ತಡಕಾಡಿದರು. ಸಿಗಲಿಲ್ಲ.

"ಇಕ ತಗೋ ಒಲೆಯೋನೆ, ಇದು ನಿಂದು" ಅನ್ನುತ್ತ ನನ್ನ ಕೈಗೆ ಇಟ್ಟರು.

ನನಗೆ ಕೊನೆಗೆ ಸಿಕ್ಕಿದ್ದು ಬೂದಿ ಗೋರುವ ಒಂದು ಹಳೆಯ ಗೋರೆ.

ನೀತಿ: ಕೊಪ್ಪರಿಗೆಯ ಮೇಲಿನ ಕೊಳೆ ಎಲ್ಲರಿಗೂ ಕಾಣುತ್ತದೆ; ಕೆಳಗಿನ ಬೆಂಕಿಯನ್ನು ಬಗ್ಗಿ ನೋಡಿದವನೇ ಬಲ್ಲ. ಬೆಂಕಿ ಮಂಕಾದವರನ್ನು ಒಲೆಯಿಂದ ದೂರ ತಳ್ಳಬೇಡಿ, ಪಕ್ಕದಲ್ಲಿ ಕೂತು ಕೂಗಿ ಹೇಳಿ.