ಉಳಿಯಕ್ಕ ಸವೆದುಹೋದದ್ದು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಕಲ್ಲು, ಮರ, ಹೊಳೆ ಎಲ್ಲಕ್ಕೂ ಮಾತು ಬರುತ್ತಿತ್ತು. ಆಗ ಒಂದು ಕೆಂಪು ಗುಡ್ಡದ ಮೇಲೆ ಕಮರದ ಮರವೊಂದಿತ್ತು. ಅದರ ಬೇರಿನ ಸಂದಿಯಲ್ಲಿ ಎರಡು ಕಬ್ಬಿಣದ ಕಲ್ಲುಗಳು ಬೆಳೆದವು. ದೊಡ್ಡವಳು ಅಕ್ಕ, ಚಿಕ್ಕವನು ತಮ್ಮ. ಇಬ್ಬರೂ ಮರವನ್ನು ಅವ್ವಾ ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮರ ಒಣಗಿತು. ಆಗ ಕುಲುಮೆಯ ಈರಾಚಾರಿ ಗುಡ್ಡ ಹತ್ತಿ ಬಂದ.

“ನಿನ್ನ ಮಕ್ಕಳಿಗೆ ಒಂದು ರೂಪ ಕೊಡುತ್ತೇನೆ. ಆದರೆ ದೊಡ್ಡ ಬೆಂಕಿ ಬೇಕು.”

“ನನ್ನನ್ನೇ ಸುಡಪ್ಪ,” ಎಂದಳು ಅವ್ವ. “ಮಕ್ಕಳ ಜೊತೆಗೇ ಇದ್ದಂತಾಯಿತು.”

ಮರ ಇದ್ದಿಲಾಯಿತು. ಇದ್ದಿಲು ಕೆಂಡವಾಯಿತು. ಈರಾಚಾರಿ ಅಕ್ಕನನ್ನು ಬಡಿದು ಬಡಿದು ಉಳಿ ಮಾಡಿದ. ತಮ್ಮ ಮಾತ್ರ ಕರಗಿ ನೀರಾದ. ಕೆಂಡವಾಗಿದ್ದ ಅವ್ವ ಅವನೊಳಗೇ ಬೆರೆತುಹೋದಳು.

ಅವನನ್ನು ಮರಳಿನ ಅಚ್ಚಿಗೆ ಎರೆದು ಈರಾಚಾರಿ ಹೇಳಿದ: “ಇವನು ಬೀಡುಕಬ್ಬಿಣ. ಮೆಲ್ಲಗೆ ಆರಬೇಕು. ಯಾರೂ ಮುಟ್ಟಬೇಡಿ.” ಹೊದಿಸಲು ಬಿಸಿ ಬೂದಿ ತರುತ್ತೇನೆಂದು ಹೋದ.

“ಅಕ್ಕಾ, ಉರಿ! ತಡೆಯೋಕಾಗಲ್ಲ ಅಕ್ಕಾ!”

“ಸ್ವಲ್ಪ ತಾಳೋ ನನ್ನಪ್ಪ,” ಎಂದಳು ಉಳಿಯಕ್ಕ. ತಮ್ಮನ ಅಳು ನಿಲ್ಲಲಿಲ್ಲ. ಅವಳು ಪಕ್ಕದ ಹೊಳೆಯನ್ನು ಕೂಗಿದಳು: “ಹೊಳೆಯವ್ವಾ, ನನ್ನ ತಮ್ಮನ ಮೇಲೆ ಒಂದಿಷ್ಟು ನೀರು ಹಾಕೇ!”

“ಮೆಲ್ಲಗೆ ಆರಬೇಕು ಅಂದಿದ್ದಾನಲ್ಲೇ?”

“ಅವನ ಅಳು ನಿನಗೆ ಕೇಳಿಸುತ್ತಿಲ್ಲವೇನೇ?”

ಹೊಳೆ ದಡ ಮೀರಿ ಬಂತು. ಚೊಂಯ್ ಎಂದಿತು. ಅಳು ಅಲ್ಲಿಗೇ ನಿಂತಿತು.

“ತಮ್ಮಾ?” ಎಂದಳು ಉಳಿಯಕ್ಕ. “ತಮ್ಮಾ?”

ಈರಾಚಾರಿ ಓಡಿ ಬಂದ. ತಮ್ಮನನ್ನು ತಟ್ಟಿ ನೋಡಿ ತಲೆಯ ಮೇಲೆ ಕೈಹೊತ್ತು ಕೂತ.

“ಮೆಲ್ಲಗೆ ಆರಿದ್ದರೆ ನಿಮ್ಮವ್ವ ಇವನೊಳಗೆ ಮೆತ್ತಗೆ ಹಾಸಿಕೊಂಡು ಮಲಗುತ್ತಿದ್ದಳು. ಇವನೂ ಮೆದುವಾಗಿರುತ್ತಿದ್ದ. ಈಗ ಹೆದರಿ ಅವಳನ್ನು ಬಿಗಿಯಾಗಿ ಅಪ್ಪಿಬಿಟ್ಟಿದ್ದಾನೆ. ಇನ್ನು ಬಿಡುವುದಿಲ್ಲ.”

“ನಾನು ಬಿಡಿಸುತ್ತೇನೆ,” ಎಂದಳು ಉಳಿಯಕ್ಕ.

ತಮ್ಮನ ಮೈಗೆ ಬಾಯಿ ಕೊಟ್ಟು ಕೆರೆದಳು. “ನಾನು ಕಣೋ, ನಿನ್ನ ಅಕ್ಕ.” ಅವನು ಅಲುಗಲಿಲ್ಲ. ಅವಳ ಬಾಯಿಯೇ ಮೊಂಡಾಯಿತು. ಈರಾಚಾರಿ ಸಾಣೆ ಹಿಡಿದುಕೊಟ್ಟ. ಮತ್ತೆ ಕೆರೆದಳು, ಮತ್ತೆ ಮೊಂಡಾದಳು.

“ಸಾಕು ಬಿಡವ್ವ. ನೀನೇ ಮುಗಿದುಹೋಗುತ್ತೀಯ.”

“ನಾನು ಕೂಗಿದ್ದಕ್ಕೇ ಹೊಳೆ ಬಂದದ್ದು. ಸಾಣೆ ಹಿಡಿಯಪ್ಪಾ.”

ಅವನು ಸಾಣೆ ಹಿಡಿದ. ಅವಳು ಗೇಣುದ್ದದವಳು ಬೆರಳುದ್ದವಾದಳು, ಬೆರಳುದ್ದದವಳು ಉಗುರಿನಷ್ಟಾದಳು. ಕೊನೆಗೆ ಈರಾಚಾರಿಯ ಕೈಗೆ ಹಿಡಿಯಲೂ ಸಿಗದಷ್ಟು ಚಿಕ್ಕ ಚೂರಾಗಿ ಉಳಿದಳು. ಆ ಚೂರನ್ನು ತಮ್ಮನ ಪಕ್ಕದಲ್ಲೇ ಮಲಗಿಸಿ ಅವನು ಕುಲುಮೆಗೆ ಬೆನ್ನು ಹಾಕಿ ಅತ್ತ. ತಮ್ಮ ಅವ್ವನನ್ನು ಬಿಡಲೇ ಇಲ್ಲ.

ಅದಕ್ಕೇ ಮಗು, ಇವತ್ತಿಗೂ ಕಾರ್ಖಾನೆಯಲ್ಲಿ ಮೆಲ್ಲಗೆ ಆರಿದ ಬೀಡುಕಬ್ಬಿಣವನ್ನು ಯಂತ್ರದ ಉಳಿಯಿಂದ ಕಡೆದರೆ ಅವ್ವನ ಇದ್ದಿಲಿನಂಥ ಕಪ್ಪು ಪುಡಿ ಮೆತ್ತಗೆ ಉದುರುತ್ತದೆ. ಒಮ್ಮೆಲೇ ತಣಿದು ಗಟ್ಟಿಯಾದ ಬೀಡು ಸಿಕ್ಕರೆ ಮಾತ್ರ ಉಳಿ ಕಿರುಚಿಕೊಳ್ಳುತ್ತದೆ, ಕೆಲಸದವರು ಯಂತ್ರ ನಿಲ್ಲಿಸಿ, ಸವೆದ ಅದರ ಬಾಯಿಯನ್ನು ಮತ್ತೆ ಸಾಣೆಗೆ ಒಯ್ಯುತ್ತಾರೆ.