ಸಾಹೇಬರ ಬಿಳಿ ಪ್ಯಾಂಟು

ಗೋಧಿಯ ತುಕ್ಕುರೋಗಕ್ಕೆ ಕಂಪನಿಯ ಹೊಸ ಔಷಧ ಹೊಡೆದು ಪರೀಕ್ಷೆ ಮಾಡುವ ಹೊಲ ಅದು. ಫಕೀರವ್ವ ಮೂರು ದಿನ ಕುಕ್ಕರಗಾಲಿನಲ್ಲಿ ಕೂತು ರೋಗದ ಎಲೆ ಎಣಿಸಿ ಪುಸ್ತಕದಲ್ಲಿ ಬರೆದಿದ್ದಳು. ನೂರಕ್ಕೆ ಅರವತ್ತು ಎಲೆಗೆ ತುಕ್ಕಿನ ಕೆಂಪು ಪುಡಿ ಹತ್ತಿತ್ತು.

ಕಂಪನಿಯ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಬಂದು, ಬದುವಿನ ಮೇಲೇ ನಿಂತು, ಅವಳ ಪುಸ್ತಕ ನೋಡಿ ಗುಡುಗಿದರು: “ತುಕ್ಕು ಸೊನ್ನೆ ಅಂತ ಬರಿ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

ಫಕೀರವ್ವನ ಮೈಯೆಲ್ಲ ಉರಿಯಿತು. ಆ ಸೊನ್ನೆಯನ್ನೇ ನಂಬಿ ಊರಿನವರು ಈ ಔಷಧ ಹೊಡೆಯುತ್ತಾರೆ. ಆದರೂ ತಣ್ಣಗೆ ಅಂದಳು: “ಆತ್ರಿ ಸಾಹೇಬ್ರ. ಗೋಧಿಯೊಳಗ ಒಮ್ಮೆ ಅಡ್ಡಾಡಿ ಬರ್ರಿ, ಫೋಟೊ ತಗೀತೀನಿ.”

ಸಾಹೇಬರು ಎದೆಯುಬ್ಬಿಸಿ ಅಡ್ಡಾಡಿದರು. ಹೊರಗೆ ಬಂದಾಗ ಬಿಳಿ ಪ್ಯಾಂಟು ತೊಡೆಯ ತನಕ ಇಟ್ಟಂಗಿ ಪುಡಿ ಮೆತ್ತಿದಂತಾಗಿತ್ತು. ಗಾಬರಿಯಾಗಿ ಎರಡೂ ಕೈಯಿಂದ ಕೊಡವತೊಡಗಿದರು.

“ಜಾಡಿಸಬ್ಯಾಡ್ರಿ,” ಅಂದಳು ಫಕೀರವ್ವ, ಪೆನ್ನು ತೆಗೆದು. “ನಾ ಇನ್ನೂ ಎಣಿಸಿಲ್ಲ.”